ಪಠನ, ಅನುಪ್ರೇಕ್ಷೆ, ಕಥನ: ಸ್ವಾಧ್ಯಾಯದ ಮಾತುಗಳ ಅರ್ಥವಿಚಾರ

ಅಷ್ಟಮಿ, ಚತುರ್ದಶಿಗಳ ಉಪವಾಸದಂದು ‘ಸ್ವಾಧ್ಯಾಯವಾಯಿತೆ?’ ಎಂದು ಕೇಳಿದರೆ ‘ಓದಿದೆವು’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಓದು ಎಂಬ ಒಂದೇ ಮಾತಿನಲ್ಲಿ ನಾವು ಹಲವು ಕ್ರಿಯೆಗಳನ್ನು ಅಡಗಿಸಿಬಿಡುತ್ತೇವೆ. ಆಚಾರ್ಯರಾದರೋ ಅವುಗಳನ್ನು ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಆ ಹೆಸರುಗಳ ಅರ್ಥವನ್ನರಿತರೆ ವ್ರತದಿನದಲ್ಲಿ ನಾವು ಮಾಡುತ್ತಿರುವುದೇನು, ಬಿಟ್ಟಿರುವುದೇನು ಎಂಬುದು ತಿಳಿಯುವುದು.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಂತೆ ಅನಶನವು 6 ಬಾಹ್ಯ ತಪಗಳಲ್ಲಿ ಮೊದಲನೆಯದು. ಸ್ವಾಧ್ಯಾಯವು 6 ಅಂತರಂಗ ತಪಗಳಲ್ಲಿ ಒಂದು. ಸ್ವಾಧ್ಯಾಯದಲ್ಲಿ 5 ಭೇದಗಳಿವೆ. ಗ್ರಂಥವನ್ನೂ ಅದರ ಅರ್ಥವನ್ನೂ ನಿರ್ದೋಷವಾಗಿ ತಿಳಿಸಿಕೊಡುವುದು ವಾಚನೆ. ಸಂಶಯನಿವಾರಣೆಗಾಗಿ, ಇಲ್ಲವೆ ತಿಳಿದುದನ್ನು ದೃಢಪಡಿಸಿಕೊಳ್ಳುವುದಕ್ಕಾಗಿ ಕೇಳುವುದು ಪೃಚ್ಛನೆ. ಅರಿತ ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡುವುದು ಅನುಪ್ರೇಕ್ಷೆ. ಉಚ್ಚಾರಶುದ್ಧಿಯಿಂದ ಪಾಠವನ್ನು ಆವರ್ತಿಸುವುದು ಆಮ್ನಾಯ. ಧರ್ಮಕಥೆಯೇ ಮೊದಲಾದುವನ್ನು ಪರರಿಗೆ ಹೇಳುವುದು ಧರ್ಮೋಪದೇಶ.

ಇಲ್ಲಿ ಒಂದು ವಿಶೇಷವಿದೆ. ಈ ಸೂತ್ರದಲ್ಲಿ ಅನುಪ್ರೇಕ್ಷೆಯ ಬಳಿಕ ಆಮ್ನಾಯ ಬರುತ್ತದೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದಲ್ಲಿ ಆವರ್ತನೆಗೆ ಪರಿವರ್ತನೆ ಎಂದು ಹೆಸರು. ಅದು ಅನುಪ್ರೇಕ್ಷೆಗಿಂತ ಮೊದಲು ಬರುತ್ತದೆ. ಪಾಠ ಮೊದಲಾಗಲಿ, ಚಿಂತನೆ ಮೊದಲಾಗಲಿ, ಎರಡೂ ಪರಂಪರೆಗಳು ಒಂದನ್ನು ಇನ್ನೊಂದರಿಂದ ಅಗಲಿಸಿಲ್ಲ. ಆದುದರಿಂದ ಬಾಯಿಪಾಠವನ್ನು ಹಳಿಯುವುದು ಸಲ್ಲದು. ಅದು ಶ್ರುತವನ್ನು ಕಾಪಾಡುವ ಪಾತ್ರೆ. ಆದರೆ ಬರಿಯ ಉರುಹೊಡೆಯುವಿಕೆಯನ್ನೇ ಪೂರ್ಣ ಸ್ವಾಧ್ಯಾಯವೆಂದು ಎಣಿಸುವುದೂ ಸಲ್ಲದು.

ಕಥನದ ವಿಷಯವಾಗಿಯೂ ವಿವೇಕವಿರಬೇಕು. ಧರ್ಮಕ್ಕೆ ಒಯ್ಯುವುದು ಧರ್ಮಕಥೆ. ಅದರಿಂದ ದೂರಕ್ಕೆಳೆಯುವುದು ವಿಕಥೆ. ವಿಕಥೆಗಳಲ್ಲಿ ‘ಭಕ್ತಕಥೆ’ ಎಂಬುದೊಂದುಂಟು. ಇಲ್ಲಿ ಭಕ್ತವೆಂದರೆ ಭಕ್ತಿಯುಳ್ಳವನಲ್ಲ, ಅನ್ನ. ಉಪವಾಸವಿದ್ದುಕೊಂಡು ನಾಳಿನ ಪಾರಣೆಯ ಭಕ್ಷ್ಯಗಳನ್ನು ವರ್ಣಿಸುತ್ತ ಕುಳಿತರೆ ಹೊಟ್ಟೆ ಬರಿದಾಗಿದ್ದರೂ ನಾಲಗೆ ಉಣ್ಣುತ್ತಲೇ ಇರುತ್ತದೆ. ಉಪವಾಸಿಯು ಧರ್ಮಾಮೃತವನ್ನು ಕಿವಿಗಳಿಂದ ತಾನೂ ಕುಡಿದು ಪರರಿಗೂ ಕುಡಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದನ್ನು ಇಲ್ಲಿ ನೆನೆಯಬೇಕು.

ನಮ್ಮ ನೋಂಪಿಯ ಕಥೆಗಳು ಈ ಉದ್ದೇಶಕ್ಕಾಗಿಯೇ ಇವೆ. ಜೀವದಯಾಷ್ಟಮಿಯಂದು ಹೇಳುವ ಯಶೋಧರನ ಕಥೆಯನ್ನೇ ನೋಡೋಣ. ಜನ್ನ ಕವಿಯೂ ಇದನ್ನು ಕಾವ್ಯವಾಗಿಸಿದ್ದಾನೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅದರ ಫಲವಾಗಿ ತಾಯಿ ಮಗನಿಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಈ ಕಥೆಯನ್ನು ವರ್ಷವರ್ಷವೂ ತಪ್ಪಿಲ್ಲದೆ ಓದಿ ಮುಗಿಸಿದರೆ ಅದು ಆವರ್ತನೆ. ‘ಹಿಟ್ಟಿನ ಕೋಳಿಗೆ ಜೀವವೆಲ್ಲಿತ್ತು? ಪಾಪವೇಕೆ ಬಂತು?’ ಎಂದು ಕೇಳುವ ಬಾಲಕನದು ಪೃಚ್ಛನೆ. ಅವನನ್ನು ಗದರಿ ಸುಮ್ಮನಿರಿಸಬಾರದು. ಕೊಲ್ಲುವೆನೆಂಬ ಸಂಕಲ್ಪವೇ ಹಿಂಸೆಯಾಯಿತೆಂದು ತಿಳಿಸಿಕೊಡುವುದು ವಾಚನೆ. ನನ್ನ ಮನಸ್ಸಿನಲ್ಲಿ ಅಂತಹ ಸಂಕಲ್ಪಗಳೆಷ್ಟಿವೆ ಎಂದು ಆ ರಾತ್ರಿ ಒಬ್ಬರೇ ಕುಳಿತು ಎಣಿಸುವುದು ಅನುಪ್ರೇಕ್ಷೆ.

ಈ ಕಥೆಯೇ ಪಠನಕ್ಕೂ ಪಾಠ ಹೇಳುತ್ತದೆ. ಜೀವವಿಲ್ಲದ ಕೋಳಿಯೂ ಭಾವದ ಬಲದಿಂದ ಬಂಧಕ್ಕೆ ಕಾರಣವಾಯಿತೆಂದ ಮೇಲೆ, ಭಾವವಿಲ್ಲದ ನುಡಿ ಎಷ್ಟು ಸಲ ಆವರ್ತಿಸಿದರೂ ನಿರ್ಜರೆಗೆ ಹೇಗೆ ಕಾರಣವಾದೀತು?

ಆದಕಾರಣ ಮುಂಬರುವ ಅಷ್ಟಮಿಯಂದು ಶ್ರಾವಕ ಶ್ರಾವಿಕೆಯರು ಹೀಗೆ ಅಭ್ಯಸಿಸಬಹುದು: ಒಂದೇ ಪದ್ಯವನ್ನು ಶುದ್ಧವಾಗಿ ಪಠಿಸುವುದು, ತಿಳಿಯದ ಪದವನ್ನು ಬಲ್ಲವರಲ್ಲಿ ಕೇಳುವುದು, ಅರ್ಥವನ್ನು ಸ್ವಲ್ಪ ಹೊತ್ತು ಮೌನದಿಂದ ಭಾವಿಸುವುದು, ಸಂಜೆ ಮನೆಯ ಮಕ್ಕಳಿಗೆ ಅದನ್ನು ಪುಸ್ತಕ ನೋಡದೆ ತಮ್ಮ ಮಾತಿನಲ್ಲೇ ಹೇಳುವುದು. ಹಾಗೆ ಹೇಳಲಾಗದಿದ್ದರೆ ಮರುದಿನ ಪುನಃ ವಾಚನೆಯಿಂದ ಆರಂಭಿಸಬೇಕು.