ಊರ ಹೆಸರುಗಳಲ್ಲಿ ಅಡಗಿರುವ ಚರಿತ್ರೆ

ಊರುಗಳ ಹೆಸರುಗಳು ಸುಮ್ಮನೆ ಹುಟ್ಟಿದವುಗಳಲ್ಲ. ನಮ್ಮ ಸೀಮೆಯ ಎರಡು ಊರುಗಳೇ ಇದಕ್ಕೆ ಸಾಕ್ಷಿ. ಚಾಮರಾಜನಗರಕ್ಕೆ ಪೂರ್ವದಲ್ಲಿ ಅರಿಕುಠಾರವೆಂಬ ಹೆಸರಿದ್ದಿತು. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಅಲ್ಲಿ ಜನಿಸಿದರು. ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು.

ಗುಂಡ್ಲುಪೇಟೆಯ ವೃತ್ತಾಂತವು ಬೇರೆ. ಅದರ ಹಳೆಯ ಹೆಸರು ವಿಜಯಪುರ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಲ್ಲಿ ತಂದೆಯ ಸ್ಮರಣಾರ್ಥವಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಆದರೂ ಊರಿಗೆ ನಿಂತ ಹೆಸರು ಅರಸರದಲ್ಲ. ಉತ್ತರಾಭಿಮುಖವಾಗಿ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಗುಂಡ್ಲುಹೊಳೆಯದು.

ಒಂದೆಡೆ ಪಿತೃಭಕ್ತಿಯು, ಇನ್ನೊಂದೆಡೆ ಹೊಳೆಯು ಹಳೆಯ ಹೆಸರನ್ನು ಮರೆಯಿಸಿತು. ಆದುದರಿಂದ ತಾಯಂದಿರೇ, ಮಕ್ಕಳಿಗೆ ಹೊಸ ಹೆಸರಿನೊಡನೆ ಹಳೆಯದನ್ನೂ ಹೇಳಿಕೊಡಿರಿ. ಹೇಳುವವರಿಲ್ಲದ ಹೆಸರು ಬಹುಕಾಲ ಬಾಳದು.