ಕಾಯಿ ಬಿದ್ದದ್ದು ಕೇಳುತ್ತೆ, ಮಾತು ತಿಳಿಯಲ್ಲ – ಯಾಕೆ?



ಶಬ್ದಕ್ಕೆ ಎರಡು ಗುಣಗಳಿವೆ. ಒಂದು ಗಟ್ಟಿತನ, ಇನ್ನೊಂದು ಸ್ಥಾಯಿ. ಡೊಳ್ಳಿನ ಶಬ್ದ ಗಟ್ಟಿ, ಆದರೆ ಸ್ಥಾಯಿ ತಗ್ಗು. ಸೊಳ್ಳೆಯ ಶಬ್ದ ಮೆಲ್ಲಗೆ, ಆದರೆ ಸ್ಥಾಯಿ ಹೆಚ್ಚು. ಸೆಕೆಂಡಿಗೆ ಎಷ್ಟು ಸಲ ಕಂಪನ ಎಂಬುದರಿಂದ ಸ್ಥಾಯಿ; ಕಂಪನ ಎಷ್ಟು ಜೋರು ಎಂಬುದರಿಂದ ಗಟ್ಟಿತನ. ಎಳೆಯರಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತೆ. ಗಟ್ಟಿತನವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್.

ಶಬ್ದ ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಮೂಳೆಗಳ ಮೂಲಕ ಒಳಕಿವಿಯ ಕಾಕ್ಲಿಯಾಕ್ಕೆ ಹೋಗುತ್ತೆ. ಅದು ಬಸವನ ಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿದೆ. ಒಳಗೆ ಸಣ್ಣ ಸಣ್ಣ ರೋಮಕೋಶಗಳಿವೆ. ಬಾಗಿಲ ಹತ್ತಿರದವು ಹೆಚ್ಚಿನ ಸ್ಥಾಯಿಯನ್ನು, ಒಳತುದಿಯವು ತಗ್ಗಿನ ಸ್ಥಾಯಿಯನ್ನು ಹಿಡಿಯುತ್ತವೆ. ಶಬ್ದ ಗಟ್ಟಿಯಾದಷ್ಟೂ ಅವು ಮಿದುಳಿಗೆ ಹೆಚ್ಚು ಸುದ್ದಿ ಕಳಿಸುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸಾಯುವುದು ಬಾಗಿಲ ಹತ್ತಿರದವು. ಸತ್ತವು ಮತ್ತೆ ಹುಟ್ಟೋದಿಲ್ಲ.

ನಮ್ಮ ತಾತನಿಗೆ ತೋಟದಲ್ಲಿ ದೊಪ್ಪನೆ ಕಾಯಿ ಬಿದ್ದರೆ ಜಗಲಿ ಮೇಲೇ ಕೇಳುತ್ತೆ. ಪಕ್ಕದಲ್ಲಿ ನಿಂತ ತಂಗಿಯ ಮಾತು ತಿಳಿಯಲ್ಲ. "ಬೇಕಾದ್ದು ಮಾತ್ರ ಕೇಳುತ್ತೆ ಮುದುಕಂಗೆ" ಅಂತ ಜನ ನಗ್ತಾರೆ. ಅದು ನ್ಯಾಯವಲ್ಲ. ಕಾಯಿ ಬಿದ್ದ ಶಬ್ದದ ಸ್ಥಾಯಿ ತಗ್ಗು. ಮಕ್ಕಳ ದನಿಯ ಸ್ಥಾಯಿ ಹೆಚ್ಚು. ಸ, ಶ, ತ, ಕ ಮುಂತಾದ ವ್ಯಂಜನಗಳೂ ಹೆಚ್ಚಿನ ಸ್ಥಾಯಿಯವು, ಮೆಲ್ಲಗಿನವು. ಹಾಲು, ಕಾಲು, ಸಾಲು ಎಲ್ಲವೂ ತಾತನಿಗೆ "ಆಲು" ಅಂತಲೇ ಕೇಳುತ್ತೆ. "ಹಾಲು ಕುಡಿ ತಾತ" ಅಂದರೆ "ಕಾಲಿಗೇನಾಯ್ತು?" ಅನ್ನುತ್ತಾರೆ. ಕಿರುಚಿದರೆ "ಆ" ಮಾತ್ರ ದೊಡ್ಡದಾಗುತ್ತೆ, "ಹ" ಸ್ಪಷ್ಟವಾಗಲ್ಲ. ಆದ್ದರಿಂದ ರೇಡಿಯೋ, ಟೀವಿ ನಿಲ್ಲಿಸಿ, ಎದುರಿಗೆ ನಿಂತು, ಬಾಯಿ ಕಾಣುವಂತೆ ನಿಧಾನವಾಗಿ ಮಾತಾಡಬೇಕು.

ಎಲ್ಲ ಕಿವುಡೂ ಒಂದೇ ಅಲ್ಲ. ಗುಗ್ಗೆ ಕಟ್ಟಿದರೆ, ಕಿವಿ ಸೋರಿದರೆ ಶಬ್ದ ಒಳಗೇ ಹೋಗಲ್ಲ. ಇವನ್ನು ಹೆಚ್ಚಾಗಿ ಚಿಕಿತ್ಸೆಯಿಂದ ಸರಿಪಡಿಸಬಹುದು. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಪಿನ್ನು, ಕಡ್ಡಿ ಹಾಕಬೇಡಿ, ವೈದ್ಯರಿಗೆ ತೋರಿಸಿ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚು ಸದ್ದಿನಲ್ಲಿ ದುಡಿದರೆ ರೋಮಕೋಶಗಳು ಹಾಳಾಗಬಹುದು. ನಾರಿನ ಮಿಲ್ಲಿನಂಥ ಕಡೆ ಯಂತ್ರದ ಹತ್ತಿರ ಕೆಲಸ ಮಾಡುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಬೇಕು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಒಂದೊಂದು ಸ್ಥಾಯಿಯೂ ಎಷ್ಟು ಗಟ್ಟಿಯಾದರೆ ಕೇಳುತ್ತೆ ಎಂದು ಯಂತ್ರದಿಂದ ಪರೀಕ್ಷಿಸಿ, ಬೇಕಾದವರಿಗೆ ತಕ್ಕ ಶ್ರವಣ ಸಾಧನ ಸೂಚಿಸುತ್ತಾರೆ.

ತರಗತಿಯಲ್ಲಿ ಕರೆದರೆ ತಿರುಗದ ಗೆಳೆಯನಿದ್ದರೆ ದಡ್ಡ ಅನ್ನಬೇಡಿ. ಗುರುಗಳಿಗೆ ಹೇಳಿ, ಮುಂದಿನ ಸಾಲಿನಲ್ಲಿ ಕೂರಿಸಿ.