ಡೋಣಿಗೆ ಸೇವೆಗೆ ಹೊರಟವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೆಟಗೇರಿಯ ನಮ್ಮ ಸಭೆಯಿಂದ ಡೋಣಿ ಊರಿಗೆ ಸೇವೆಗೆಂದು ಹೊರಡುವ ಯೌವನಸ್ಥರೆಲ್ಲ ಇದನ್ನು ಓದಿಯೇ ಬಸ್ ಹತ್ತಬೇಕು. ಗಲಾತ್ಯ 5:13ನ್ನೂ ಓದಿಕೊಳ್ಳಿ. ನಮಗೆ ಸಿಕ್ಕ ಬಿಡುಗಡೆ ಯಾತಕ್ಕೆಂದು ಪೌಲ ಅಲ್ಲಿ ಹೇಳಿದ್ದಾನೆ.

ಮೊದಲು ಮಾಡಬಾರದ್ದು.

ಔಷಧಿ ಕೊಡುವಾಗಾಗಲಿ, ನೋಟ್‌ಬುಕ್ ಹಂಚುವಾಗಾಗಲಿ ಪ್ರಾರ್ಥನೆಯ ಶರತ್ತು ಹಾಕಬಾರದು. ಹಸಿದವರ ಮುಂದೆ ಜೋಳದ ಚೀಲ ಇಟ್ಟುಕೊಂಡು ನಂಬಿಕೆ ಕೇಳಿದರೆ, ಒಲ್ಲೆ ಅನ್ನುವ ಸ್ವಾತಂತ್ರ್ಯವನ್ನೇ ಅವರಿಂದ ಕಸಿದುಕೊಂಡಂತೆ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ನಮಗೂ ಕೊಟ್ಟಿದೆ, ಅವರಿಗೂ ಕೊಟ್ಟಿದೆ. ಅವರಾಗಿಯೇ ಕರ್ತರ ವಿಷಯ ಕೇಳಿದರೆ ಮುಚ್ಚಿಡದೆ ಹೇಳಿ. ಹಂಚುವ ಹೊತ್ತಿನಲ್ಲಿ ಬೇಡ. ತೆಗೆದುಕೊಳ್ಳುವವರ ಫೋಟೊ ತೆಗೆಯಬಾರದು.

ಸೋಮವಾರ ಯಾಕೆ ಎತ್ತು ಹೂಡುವುದಿಲ್ಲವೆಂದು ರೈತರೊಡನೆ ವಾದಕ್ಕೆ ನಿಲ್ಲಬಾರದು. ಹತ್ತಿರದ ಕಪ್ಪತಗುಡ್ಡಕ್ಕೆ ಹೋದರೆ ಗಿಡಮೂಲಿಕೆ ಕೀಳಬಾರದು; 2019ರಿಂದ ಅದು ವನ್ಯಜೀವಿಧಾಮ.

ಊಟದ ಮಾತು ಸ್ವಲ್ಪ ದೊಡ್ಡದು. ಏನನ್ನಾದರೂ ಉಣ್ಣುವ ಸ್ವಾತಂತ್ರ್ಯ ನಮಗಿದೆ. ಆದರೂ ನೀವು ಉಳಿದುಕೊಂಡ ಮನೆಯವರು ಮಾಂಸ ಮುಟ್ಟದವರಾದರೆ ಬುತ್ತಿಯಲ್ಲಿ ಅದನ್ನು ಒಯ್ಯಬಾರದು. ಕೊರಿಂಥದ ಸಭೆಯಲ್ಲಿ ಮಾಂಸದ ತಕರಾರು ಎದ್ದಾಗ, ತಿನ್ನುವ ಹಕ್ಕಿದ್ದೂ ಬಿಡಲು ಸಿದ್ಧನಾದವನು ಪೌಲ. ಅವನು ಹಾಗೆ ಬಿಟ್ಟುಕೊಟ್ಟಿದ್ದು ಸಭೆಯ ಬಂಧುಗಳಿಗಾಗಿ. ಅದೇ ಮರ್ಯಾದೆ ನಮಗೆ ಅನ್ನ ಹಾಕುವ ಮನೆಗೂ ಸಲ್ಲಬೇಕು. ಹಾಗೆಯೇ ಮಾಂಸ ಬೇಯಿಸಿ ಬಡಿಸುವ ಮನೆಯಲ್ಲಿ ಮೂಗು ಮುರಿಯಬಾರದು. ಜಾತ್ರೆಯ ಪ್ರಸಾದ ತಿನ್ನಲು ನಮ್ಮಲ್ಲೇ ಒಬ್ಬರ ಮನಸ್ಸು ಒಪ್ಪದಿದ್ದರೆ ಅವರನ್ನು ಯಾರೂ ಹಂಗಿಸಬಾರದು. ಅವರೂ ತಿಂದವರ ತೀರ್ಪು ಮಾಡಬಾರದು.

ಒಂದು ಕಡೆ ಮಾತ್ರ ಬಗ್ಗಲೇಬಾರದು. ನಮ್ಮ ಗುಂಪಿನಲ್ಲಿ ಕೆಲವರನ್ನು ಒಳಗೆ ಕರೆದು, ಕೆಲವರನ್ನು ಕಟ್ಟೆಯ ಮೇಲೆ ಕೂಡ್ರಿಸಿದರೆ, ಎಲ್ಲರೂ ಕಟ್ಟೆಯ ಮೇಲೇ ಕೂಡ್ರಬೇಕು. ಜಗಳ ಬೇಡ, ಭಾಷಣ ಬೇಡ. ಒಬ್ಬರೂ ಒಳಗೆ ಹೋಗಬಾರದು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲ ಅವನನ್ನು ಎದುರಾಎದುರೇ ತಡೆದ. ಅದೂ ಇದೇ ಗಲಾತ್ಯದ ಪತ್ರದಲ್ಲಿದೆ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರು ಸಭೆಯೊಳಗೆ ಜಾತಿ ಬಿಡಲೇಬೇಕೆಂದು ಪಟ್ಟು ಹಿಡಿದಿದ್ದರು. ಆ ಸಭೆಯ ಮಕ್ಕಳು ನಾವು. ನಮ್ಮ ಮನೆಗಳಲ್ಲೇ ಇನ್ನೂ ಮದುವೆಯ ಮಾತು ಬಂದಾಗ ಜಾತಿ ಕೇಳುವವರಿದ್ದಾರೆ, ಅದು ನನಗೆ ಬಹಳ ನೋವಿನ ಸಂಗತಿ.

ಇನ್ನು ಮಾಡಬೇಕಾದ್ದು.

ಮೊದಲ ದಿನ ಬರೀ ಕೇಳಬೇಕು: ಯಾವ ಕೆಲಸ ಆಗಬೇಕಾಗಿದೆ, ಯಾವ ಹೊತ್ತಿಗೆ ಬಂದರೆ ಅವರಿಗೆ ಅನುಕೂಲ. ಸುಗ್ಗಿಯಿದ್ದರೆ ಹೊಲಕ್ಕೇ ಹೋಗಿ ಕೈಜೋಡಿಸಬೇಕು. ಊರಿನ ತುದಿಯ ಓಣಿಗೆ, ತಾಂಡಾಕ್ಕೆ ಮೊದಲು ಹೋಗಬೇಕು. ಹಿರಿಯರನ್ನು ಅಜ್ಜಾ, ಕಾಕಾ, ಅವ್ವಾ ಎಂದೇ ಮಾತಾಡಿಸಬೇಕು. ಅಂಕಲ್, ಆಂಟಿ ಬೇಡ. ಜಡ್ಡಾದವರನ್ನು ದವಾಖಾನೆಗೆ ಕರೆತರುವುದಾದರೆ ಜೊತೆಗೆ ಒಬ್ಬರು ಬಂದು, ಚೀಟಿ ಮಾಡಿಸಿ, ತಿರುಗಿ ಊರು ಮುಟ್ಟಿಸಬೇಕು.

ಉಂಡ ಗಂಗಾಳವನ್ನು ನೀವೇ ತೊಳೆದಿಡಬೇಕು, ಗಂಡುಹುಡುಗರೂ. ಮನೆಯ ಅವ್ವ ಎಷ್ಟು ಬ್ಯಾಡ ಅಂದರೂ.